ಮಲೆನಾಡಿನ ಮನೆಯಲ್ಲಿ ರೆಕಾರ್ಡ್ ಮತ್ತು ಪ್ಲೇಯರ್: ಧೂಳು, ಬೂಷ್ಟು ಹತ್ತದಂತೆ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ದೀಪಾವಳಿ ಹೊತ್ತಿಗೆ ನನಗೆ ಒಂದೇ ಥರದ ದೂರು ಬರುತ್ತದೆ. "ಮೇ ಕೊನೆಗೆ ಎಲ್ಲಾ ಗ್ರಾಮಫೋನ್ ರೆಕಾರ್ಡ್ ತೊಳೆದು, ಒರೆಸಿ, ಕಪಾಟಿನಲ್ಲಿ ಇಟ್ಟಿದ್ದೆ. ಈಗ ತೆಗೆದರೆ ಬಿಳಿ ಚುಕ್ಕೆ, ಮುಗ್ಗಲು ವಾಸನೆ. ಹಾಕಿದರೆ ಬರೀ ಚಟಪಟ." ತೀರ್ಥಹಳ್ಳಿ ಆಗಲಿ, ಹೊಸನಗರ ಆಗಲಿ, ಸಾಗರ ಆಗಲಿ, ಕಥೆ ಇದೇ. ಇವರು ಯಾರೂ ಸೋಮಾರಿಗಳಲ್ಲ. ಕೆಲಸ ಮಾಡಿದ್ದಾರೆ, ಮಾಡಿದ ಕ್ರಮ ಮತ್ತು ಕಾಲ ತಪ್ಪಿದೆ ಅಷ್ಟೇ.

ಬಯಲುಸೀಮೆಯಲ್ಲಿ ರೆಕಾರ್ಡಿಗೆ ಧೂಳಿನ ಕಾಟ ಒಂದೇ. ನಮ್ಮಲ್ಲಿ ಎರಡು. ಡಿಸೆಂಬರಿನಿಂದ ಏಪ್ರಿಲ್ ತನಕ ರಸ್ತೆಯ ಕೆಂಪು ಮಣ್ಣು, ಅಂಗಳದಲ್ಲಿ ಒಣಗುವ ಅಡಿಕೆಯ ಪುಡಿ, ಬಚ್ಚಲೊಲೆಯ ಹೊಗೆ. ಜೂನ್ ಬಂತೆಂದರೆ ತೇವ. ರೆಕಾರ್ಡಿನ ಗೆರೆಯಲ್ಲಿ ಉಳಿದ ಧೂಳು ಮತ್ತು ಕೈಯ ಜಿಡ್ಡೇ ಮಳೆಗಾಲದಲ್ಲಿ ಬೂಷ್ಟಿಗೆ ಊಟ. ಆದ್ದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀರು ಹಾಕಿ ತೊಳೆಯುವ ಕೆಲಸ ಡಿಸೆಂಬರಿನಿಂದ ಫೆಬ್ರವರಿ ಒಳಗೆ ಮುಗಿಯಬೇಕು. ಮೇ ಕೊನೆಗೆ ಗಾಳಿಯಲ್ಲಿ ಆಗಲೇ ತೇವ ಏರಿರುತ್ತದೆ. ಆಗ ತೊಳೆದ ರೆಕಾರ್ಡ್ ಒಣಗಿದ ಹಾಗೆ ಕಾಣುತ್ತದೆ, ಪೂರ್ತಿ ಒಣಗಿರುವುದಿಲ್ಲ. ಮಳೆಗಾಲದಲ್ಲಿ ಒಣ ಬ್ರಷ್ ಕೆಲಸ ಮಾತ್ರ.

ಕೈಗೆತ್ತಿಕೊಳ್ಳುವ ಮುಂಚೆ ಜೋಡಿಸಿಕೊಳ್ಳಬೇಕಾದ್ದು

ಕಾರ್ಬನ್ ಫೈಬರ್ ಬ್ರಷ್ ಒಂದು. ಮುಳ್ಳು, ಅಂದರೆ ರೆಕಾರ್ಡಿನ ಗೆರೆಯಲ್ಲಿ ಓಡುವ ಸೂಜಿ, ಅದನ್ನು ಸ್ವಚ್ಛ ಮಾಡುವ ಪುಟ್ಟ ಬ್ರಷ್ ಒಂದು. ಮೆತ್ತನೆ ಕೂದಲಿನ ಪೇಂಟಿಂಗ್ ಬ್ರಷ್, ಎರಡು ಇಂಚಿನದು. ಹೊಸ ಮೈಕ್ರೋಫೈಬರ್ ಬಟ್ಟೆ ನಾಲ್ಕು. ತಟ್ಟೆ ನಿಲ್ಲಿಸುವ ಸ್ಟ್ಯಾಂಡ್, ಶಿವಮೊಗ್ಗದ ಗಾಂಧಿ ಬಜಾರಿನ ಯಾವ ಪಾತ್ರೆ ಅಂಗಡಿಯಲ್ಲೂ ಸಿಗುತ್ತದೆ. ಕಡ್ಡಿಗಳಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಆರಿಸಿ.

ನೀರು ಡಿಸ್ಟಿಲ್ಡ್ ವಾಟರ್ ಆಗಿರಬೇಕು. ಬ್ಯಾಟರಿಗೆ ಹಾಕುವ ನೀರು ಅಂತ ಆಟೋಮೊಬೈಲ್ ಅಂಗಡಿಯಲ್ಲಿ ಕೇಳಿ. ಅಲ್ಲೇ ಬ್ಯಾಟರಿ ಆಸಿಡ್ ಕೂಡ ಮಾರುತ್ತಾರೆ, ಡಬ್ಬಿಯ ಮೇಲೆ ಬರೆದದ್ದನ್ನು ಎರಡು ಸಲ ಓದಿ. ಬಾವಿ ನೀರು, ಬೋರ್ ನೀರು ಬೇಡ. ಆರಿದ ಮೇಲೆ ಅದರ ಲವಣ ಗೆರೆಯಲ್ಲೇ ಕೂರುತ್ತದೆ. "ನಮ್ಮ ಮಳೆ ನೀರಿಗಿಂತ ಶುದ್ಧ ಯಾವುದಿದೆ" ಅಂತ ತುಂಬಾ ಜನ ಕೇಳುತ್ತಾರೆ. ಹೆಂಚಿನ ಮಾಡಿನಿಂದ ಇಳಿದ ನೀರಿನಲ್ಲಿ ಪಾಚಿ, ಎಲೆ ಪುಡಿ, ಹೊಗೆ ಮಸಿ ಎಲ್ಲಾ ಇರುತ್ತದೆ. ಅದೂ ಬೇಡ.

ಐಸೊಪ್ರೊಪೈಲ್ ಆಲ್ಕೊಹಾಲ್ 99 ಪರ್ಸೆಂಟಿನದು ಅರ್ಧ ಲೀಟರ್ ಸಾಕು. ಇದರ ಬದಲಿಗೆ ಹ್ಯಾಂಡ್ ಸ್ಯಾನಿಟೈಸರ್ ಹಚ್ಚಬೇಡಿ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಬಣ್ಣ, ವಾಸನೆ ಸೇರಿಸಿದ ಸ್ಪಿರಿಟ್ ಕೂಡ ಬೇಡ.

ಇನ್ನೊಂದು ಸಾಮಾನನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಅದು ಗಾಳಿಯ ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರ್, ಹೈಗ್ರೋಮೀಟರ್. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು. ಮಲೆನಾಡಿನಲ್ಲಿ ಬ್ರಷ್‌ಗಿಂತ ಮೊದಲು ಕೊಳ್ಳಬೇಕಾದ್ದು ಇದು. ಎರಡು ಇದ್ದರೆ ಇನ್ನೂ ಒಳ್ಳೆಯದು, ಯಾಕೆ ಅಂತ ಕೊನೆಯ ಹಂತದಲ್ಲಿ ಹೇಳುತ್ತೇನೆ.

ಹಂತ 1: ಯಾವುದು 78, ಯಾವುದು ಎಲ್‌ಪಿ, ಬೇರೆ ಮಾಡಿ

ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಎಲ್ಲಾ ಒಟ್ಟಿಗೆ ಇರುತ್ತವೆ. ಮೊದಲು ಎರಡು ರಾಶಿ ಮಾಡಿ. 78ರ ರೆಕಾರ್ಡ್, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವುದು, ಸಾಮಾನ್ಯವಾಗಿ 10 ಇಂಚಿನದು, ದಪ್ಪ, ಭಾರ, ಸ್ವಲ್ಪವೂ ಬಾಗುವುದಿಲ್ಲ. ಕೈತಪ್ಪಿ ಬಿದ್ದರೆ ಹೆಂಚಿನ ಹಾಗೆ ಒಡೆಯುತ್ತದೆ. ಅದು ಶೆಲ್ಯಾಕ್, ಅಂದರೆ ಅರಗಿನಿಂದ ಮಾಡಿದ್ದು. ಎಲ್‌ಪಿ 12 ಇಂಚಿನದು, ನಿಮಿಷಕ್ಕೆ 33⅓ ಸುತ್ತು, ಹಗುರ, ತುಸು ಬಾಗುತ್ತದೆ. ಅದು ವಿನೈಲ್, ಒಂದು ಬಗೆಯ ಪ್ಲಾಸ್ಟಿಕ್.

ಇದು ಯಾಕೆ ಮುಖ್ಯ ಅಂದರೆ, ಆಲ್ಕೊಹಾಲ್ ಶೆಲ್ಯಾಕನ್ನು ಕರಗಿಸುತ್ತದೆ. ನಾನು ಮೊದಲ ವರ್ಷ ಒಂದು ಹರಿಕಥೆಯ 78ಕ್ಕೆ ಸ್ಪಿರಿಟ್ ಹಚ್ಚಿದ್ದೆ. ಬಟ್ಟೆ ಕಪ್ಪಾಯಿತು. ಕೊಳೆ ಹೋಗುತ್ತಿದೆ ಅಂದುಕೊಂಡು ಇನ್ನೂ ಒತ್ತಿ ಒರೆಸಿದೆ. ಹೋಗುತ್ತಿದ್ದದ್ದು ರೆಕಾರ್ಡೇ. ಆ ದನಿ ಮತ್ತೆ ಸಿಗಲಿಲ್ಲ. ಅನುಮಾನ ಇದ್ದರೆ 78 ಅಂತಲೇ ಭಾವಿಸಿ, ಆಲ್ಕೊಹಾಲ್ ಮುಟ್ಟಿಸಬೇಡಿ.

ಹಂತ 2: ರೆಕಾರ್ಡಿಗಿಂತ ಮೊದಲು ಜಾಗ

ಕೊಳಕು ಜಾಗಕ್ಕೆ ಶುದ್ಧ ರೆಕಾರ್ಡ್ ವಾಪಸ್ ಇಟ್ಟರೆ ಪಟ್ಟ ಶ್ರಮ ಎಲ್ಲಾ ನೀರಿನಲ್ಲಿ ಹೋಮ. ಕಪಾಟು ಖಾಲಿ ಮಾಡಿ, ಒಳಗೆ ಒಣ ಬಟ್ಟೆಯಿಂದ ಧೂಳು ತೆಗೆದು, ಆಮೇಲೆ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಪಾಲಿಷ್ ಮಾಡಿದ ಮರವಾದರೆ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ. ಒಂದು ದಿನ ಬಾಗಿಲು ತೆರೆದಿಡಿ.

ಕಪಾಟು ಪಡುವಣ ಗೋಡೆಗೆ ಒರಗಿದ್ದರೆ ಬೇರೆ ಗೋಡೆಗೆ ಸರಿಸಿ. ನಮ್ಮ ಮಳೆ ಹೊಡೆಯುವುದು ಆ ಕಡೆಯಿಂದ. ಜಂಬಿಟ್ಟಿಗೆ ಗೋಡೆ, ಮಣ್ಣಿನ ಗೋಡೆ ತೇವ ಹೀರಿ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತವೆ. ಒಳಗೋಡೆಯೇ ಆದರೂ ನಾಲ್ಕು ಇಂಚು ಅಂತರ ಬಿಡಿ. ನೆಲದಿಂದ ಅರ್ಧ ಅಡಿ ಮೇಲಿರಲಿ. ಗೆದ್ದಲು ಬಂದರೂ ಕಣ್ಣಿಗೆ ಬೀಳುತ್ತದೆ.

ಅಟ್ಟ ಬೇಡ. ಬೇಸಿಗೆಯಲ್ಲಿ ಹೆಂಚಿನ ಕೆಳಗೆ ಕಾಯುವ ಶಾಖಕ್ಕೆ ರೆಕಾರ್ಡ್ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಬಚ್ಚಲೊಲೆ, ಅಡುಗೆ ಒಲೆಯ ಹೊಗೆ ತಲುಪುವ ಕೋಣೆಯೂ ಬೇಡ. ಹೊಗೆ ಬಿಡುವುದು ಒಣ ಧೂಳಲ್ಲ, ಅಂಟು ಮಸಿ. ಬ್ರಷ್‌ಗೆ ಅದು ಬಗ್ಗುವುದಿಲ್ಲ. ದೇವರ ಕೋಣೆಯ ಊದುಬತ್ತಿ ಕೂಡ ಹೀಗೇ. ಪ್ಲೇಯರ್ ದೇವರ ಗೂಡಿನ ಪಕ್ಕ ಇದ್ದರೆ ದಯವಿಟ್ಟು ಸ್ಥಳ ಬದಲಿಸಿ.

ಹಂತ 3: ಪ್ಲೇಯರ್ ಸ್ವಚ್ಛ ಮಾಡುವುದು

ಪ್ಲಗ್ ಕಿತ್ತು ಹಾಕಿ. ಟೋನ್ ಆರ್ಮ್ ಅನ್ನು, ಅಂದರೆ ಮುಳ್ಳು ಹೊತ್ತ ಉದ್ದ ತೋಳನ್ನು, ಅದರ ಕೊಕ್ಕೆಗೆ ಸಿಕ್ಕಿಸಿ, ಮುಳ್ಳಿನ ಟೋಪಿ ಹಾಕಿ. ಇದನ್ನು ಮರೆತು ಬಟ್ಟೆ ಆಡಿಸಿದವರೇ ಮುಳ್ಳು ಮುರಿದುಕೊಳ್ಳುವುದು ಜಾಸ್ತಿ.

ಮೇಲಿನಿಂದ ಕೆಳಗೆ ಬನ್ನಿ. ಮೊದಲು ಪಾರದರ್ಶಕ ಮುಚ್ಚಳ. ಇದು ಅಕ್ರಿಲಿಕ್, ಆಲ್ಕೊಹಾಲ್ ತಾಗಿದರೆ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಒಣ ಬಟ್ಟೆಯಿಂದ ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ ಇನ್ನಷ್ಟು ಧೂಳು ಎಳೆಯುತ್ತದೆ. ಆಮೇಲೆ ತಿರುಗುವ ತಟ್ಟೆಯ ಮೇಲಿನ ಮ್ಯಾಟ್ ತೆಗೆದು ಹೊರಗೆ ಕೊಡವಿ. ರಬ್ಬರ್ ಮ್ಯಾಟ್ ಆದರೆ ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ. ಉಣ್ಣೆಯಂಥ ಫೆಲ್ಟ್ ಮ್ಯಾಟ್ ನಮ್ಮ ಹವೆಗೆ ಒಳ್ಳೆಯದಲ್ಲ. ಚಳಿಗಾಲದಲ್ಲಿ ರೆಕಾರ್ಡಿಗೆ ಅಂಟಿಕೊಂಡು ಏಳುತ್ತದೆ, ಮಳೆಗಾಲದಲ್ಲಿ ತೇವ ಕುಡಿಯುತ್ತದೆ. ರಬ್ಬರಿನದು ಹಾಕಿಸಿ.

ಬೆಲ್ಟ್ ಇರುವ ಪ್ಲೇಯರ್ ಆದರೆ ತಿರುಗುವ ತಟ್ಟೆಯನ್ನು ಎರಡು ಕೈಯಲ್ಲಿ ನೇರ ಮೇಲಕ್ಕೆ ಎತ್ತಿ. ಬೆಲ್ಟ್ ಓಡುವ ಅಂಚನ್ನೂ ಮೋಟಾರಿನ ಗಾಲಿಯನ್ನೂ ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ. ಕಡ್ಡಿ ಕಪ್ಪಾಗುವುದು ನಿಲ್ಲುವ ತನಕ ಬಿಡಬೇಡಿ. ಆಮೇಲೆ ಬೆಲ್ಟನ್ನು ಬರೀ ನೀರಿನ ಪಸೆ ಇರುವ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೇ ಹಾಕಿ. ಬೆಲ್ಟ್ ಜಾರುತ್ತಿದ್ದರೆ ಹಾಡು ಎಳೆದ ಹಾಗೆ, ಶ್ರುತಿ ಇಳಿದ ಹಾಗೆ ಕೇಳುತ್ತದೆ. ಒರೆಸಿದ ಮೇಲೂ ಹಾಗೇ ಇದ್ದರೆ ಹೊಸ ಬೆಲ್ಟ್ ಬೇಕು ಅಂತ ಅರ್ಥ.

ಹಿಂದಿನ ವೈರುಗಳನ್ನು ಮರೆಯಬೇಡಿ. ಮಳೆಗಾಲ ಕಳೆದ ಮೇಲೆ ಪಿನ್ನುಗಳ ಮೇಲೆ ಮಂಕು ಪದರ ಕಟ್ಟಿರುತ್ತದೆ. ಒಂದು ಕಡೆ ಸ್ಪೀಕರ್ ಬಂದು ಹೋಗಿ ಮಾಡುವುದು, ಗುಂಯ್ ಅನ್ನುವುದು ಎಷ್ಟೋ ಸಲ ಇದರಿಂದಲೇ. ಹತ್ತಿಕಡ್ಡಿಗೆ ಆಲ್ಕೊಹಾಲ್ ಹಚ್ಚಿ ಒರೆಸಿ, ಎರಡು ಮೂರು ಸಲ ಹಾಕಿ ತೆಗೆದು ಮಾಡಿ.

ಹಂತ 4: ಮುಳ್ಳು

ಆಂಪ್ಲಿಫೈಯರ್ ಆಫ್ ಇರಲಿ. ಪುಟ್ಟ ಬ್ರಷ್ಷನ್ನು ಹಿಂದಿನಿಂದ ಮುಂದಕ್ಕೆ, ಅಂದರೆ ಆರ್ಮ್‌ನ ಬುಡದ ಕಡೆಯಿಂದ ಅದರ ತುದಿಯ ಕಡೆಗೆ ಮಾತ್ರ ಎಳೆಯಿರಿ. ಪಕ್ಕಕ್ಕೆ ಬೇಡ, ಹಿಂದಕ್ಕಂತೂ ಬೇಡವೇ ಬೇಡ. ಮುಳ್ಳು ಕೂತಿರುವ ಕಡ್ಡಿ ಕೂದಲಿನಷ್ಟು ಸೂಕ್ಷ್ಮ, ತಿರುಗಾ ಎಳೆದರೆ ಬಾಗುತ್ತದೆ. ನಾಲ್ಕೈದು ಸಲ ಎಳೆದರೆ ಸಾಕು.

ಬೆರಳ ತುದಿಯಿಂದ ಧೂಳು ತೆಗೆಯುವ ಅಭ್ಯಾಸ ಹಳೆಯ ಭಾರದ ಮುಳ್ಳಿನ ಕಾಲದಿಂದ ಬಂದದ್ದು. ಈಗಿನ ಕಾರ್ಟ್ರಿಡ್ಜ್‌ಗಳು, ಅಂದರೆ ಆರ್ಮ್‌ನ ತುದಿಯಲ್ಲಿ ಮುಳ್ಳು ಕೂರಿಸಿದ ಪುಟ್ಟ ಗೂಡುಗಳು, ರೆಕಾರ್ಡಿನ ಮೇಲೆ ಊರುವ ಭಾರ ಸುಮಾರು ಎರಡು ಗ್ರಾಂ. ಬೆರಳಿನ ಒಂದು ತಳ್ಳು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ, ಅಲ್ವಾ? ಬೆರಳಿನ ಎಣ್ಣೆ ಬೇರೆ ಮೆತ್ತಿಕೊಳ್ಳುತ್ತದೆ.

ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಮುಳ್ಳನ್ನು ನೋಡಿ. ತುದಿಯಲ್ಲಿ ಕಪ್ಪು ಗಂಟು ಕಂಡರೆ ಅದು ಅಂಟಿದ ಕೊಳೆ. ಬ್ರಷ್‌ನ ತುದಿಗೆ ಒಂದೇ ಹನಿ ಆಲ್ಕೊಹಾಲ್ ಮುಟ್ಟಿಸಿ ಅದೇ ದಿಕ್ಕಿನಲ್ಲಿ ಎಳೆಯಿರಿ. ಹನಿ ಮೇಲಕ್ಕೆ ಹತ್ತಬಾರದು. ಹತ್ತಿದರೆ ಒಳಗಿನ ರಬ್ಬರಿಗೆ ಕೇಡು.

ಹಂತ 5: ಪ್ರತಿ ಸಲ ಹಾಕುವ ಮುಂಚೆ ಒಣ ಬ್ರಷ್

ರೆಕಾರ್ಡನ್ನು ಅಂಚು ಮತ್ತು ನಡುವಿನ ಲೇಬಲ್ ಹಿಡಿದು ತೆಗೆಯಿರಿ. ಗೆರೆಯ ಮೇಲೆ ಬೆರಳು ಇಡಬೇಡಿ. ತಟ್ಟೆ ತಿರುಗಲು ಬಿಟ್ಟು, ಕಾರ್ಬನ್ ಬ್ರಷ್ಷಿನ ಕೂದಲು ಗೆರೆಗೆ ಸುಮ್ನೆ ತಾಗುವಷ್ಟು ಹಿಡಿಯಿರಿ. ಒತ್ತಬೇಡಿ. ಎರಡು ಮೂರು ಸುತ್ತು ಆದ ಮೇಲೆ ನಿಧಾನವಾಗಿ ಹೊರ ಅಂಚಿನ ಕಡೆಗೆ ಜಾರಿಸಿ ಎತ್ತಿ. ಬ್ರಷ್ಷನ್ನು ಅಲ್ಲೇ ರೆಕಾರ್ಡಿನ ಮೇಲೆ ಕೊಡವಬೇಡಿ, ದೂರ ಹಿಡಿದು ಕೊಡವಿ.

ಜನ ಎಡವುವುದು ಆ ಕೊನೆಯ ಎತ್ತುವಿಕೆಯಲ್ಲಿ. ಎರಡು ಸುತ್ತು ಧೂಳು ಒಟ್ಟು ಮಾಡಿ, ಆಮೇಲೆ ಫಕ್ಕನೆ ಮೇಲಕ್ಕೆ ಎತ್ತಿದರೆ ಒಟ್ಟಾದ ಧೂಳಿನ ಗೆರೆ ಅಲ್ಲೇ ಉಳಿಯುತ್ತದೆ. ದೀಪದ ಬೆಳಕು ಓರೆಯಾಗಿ ಬೀಳುವಂತೆ ಬಾಗಿ ನೋಡಿದರೆ ಅದು ಕಾಣುತ್ತದೆ.

ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಪಂಚೆಯ ಅಂಚು, ಸೀರೆಯ ಸೆರಗು, ಕನ್ನಡಕ ಒರೆಸುವ ಬಟ್ಟೆ ಯಾವುದೂ ಬೇಡ. ಜನವರಿಯ ಒಣ ಹವೆಯಲ್ಲಿ ಒಣ ಬಟ್ಟೆ ಉಜ್ಜಿದರೆ ವಿನೈಲಿಗೆ ವಿದ್ಯುತ್ ಏರಿ, ಕೋಣೆಯ ಧೂಳೆಲ್ಲಾ ಅದರ ಮೇಲೆ ಬಂದು ಕೂರುತ್ತದೆ. ಅಡಿಕೆ ಸುಲಿಯುವ, ಭತ್ತ ಬಡಿಯುವ ದಿನಗಳಲ್ಲಿ ಅಂಗಳದ ಕಡೆಯ ಕಿಟಕಿ ಹಾಕಿಕೊಂಡೇ ರೆಕಾರ್ಡ್ ತೆಗೆಯಿರಿ.

ಹಂತ 6: ತೊಳೆಯುವುದು, ಚಳಿಗಾಲದಲ್ಲಿ ಮಾತ್ರ

ಬೆಳಗಿನ ಮಂಜು ಕರಗಿ, ತೇವದ ಮೀಟರ್ 60 ಪರ್ಸೆಂಟಿಗಿಂತ ಕೆಳಗೆ ತೋರಿಸುವ ಹೊತ್ತು ನೋಡಿ ಶುರು ಮಾಡಿ. ದಿನಕ್ಕೆ ಹತ್ತು ಸಾಕು. ಐವತ್ತು ಮುಗಿಸುವ ಆತುರದಲ್ಲಿ ಮೂವತ್ತನೆಯದರ ಹೊತ್ತಿಗೆ ಬಟ್ಟೆಯೇ ಕೊಳಕಾಗಿರುತ್ತದೆ.

ಎಲ್‌ಪಿಗೆ ದ್ರಾವಣ ಹೀಗೆ ಮಾಡಿ: 800 ಎಂಎಲ್ ಡಿಸ್ಟಿಲ್ಡ್ ವಾಟರ್, 200 ಎಂಎಲ್ ಐಸೊಪ್ರೊಪೈಲ್, ಬಣ್ಣ ಮತ್ತು ಲೋಷನ್ ಇಲ್ಲದ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಎರಡೇ. ಜಾಸ್ತಿ ಹಾಕಿದರೆ ಸೋಪು ಗೆರೆಯಲ್ಲಿ ಉಳಿದು ಮುಳ್ಳಿಗೆ ಮೆತ್ತುತ್ತದೆ. ಆಲ್ಕೊಹಾಲ್ ಬೇಗ ಬೆಂಕಿ ಹಿಡಿಯುವ ವಸ್ತು. ಒಲೆ, ದೀಪದಿಂದ ದೂರ, ಕಿಟಕಿ ತೆರೆದ ಕೋಣೆಯಲ್ಲಿ ಬೆರೆಸಿ.

ಮೊದಲು ಒಣ ಬ್ರಷ್. ಇದನ್ನು ಬಿಟ್ಟರೆ ಧೂಳಿಗೆ ನೀರು ಸೇರಿ ಕೆಸರಾಗುತ್ತದೆ, ಅದರಲ್ಲಿರುವ ಮರಳಿನ ಕಣ ಗೆರೆಯನ್ನು ಕೆರೆಯುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಈ ಕಣ ಜಾಸ್ತಿ.

ರೆಕಾರ್ಡನ್ನು ಶುದ್ಧ ಟವೆಲ್ ಮೇಲೆ ಇಡಿ. ಲೇಬಲ್ ಮೇಲೆ ಸಣ್ಣ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಬೋರಲು ಹಾಕಿ ಒಂದು ಕೈಯಿಂದ ಹಿಡಿದುಕೊಳ್ಳಿ. ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ, ಹಗುರ ಹಿಂಡಿ, ಗೆರೆಯ ಗುಂಟ ಸುತ್ತು ಸುತ್ತಾಗಿ ಒರೆಸಿ. ನಡುವಿನಿಂದ ಅಂಚಿಗೆ ಅಡ್ಡ ಒರೆಸಬಾರದು. ಎಲ್‌ಪಿಯ ಒಂದು ಬದಿಯ ಗೆರೆ ಬಿಚ್ಚಿ ಎಳೆದರೆ 400 ಮೀಟರಿಗೂ ಉದ್ದ ಬರುತ್ತದೆ. ಅದು ಒಂದೇ ದಾರಿ. ಅಡ್ಡ ಒರೆಸಿದರೆ ದಾರಿಯ ಕೊಳೆ ಹೊರಗೆ ಬರುವುದಿಲ್ಲ, ಪಕ್ಕದ ದಾರಿಗೆ ಬೀಳುತ್ತದೆ.

ಆಮೇಲೆ ಎರಡನೇ ಬಟ್ಟೆ, ಬರೀ ಡಿಸ್ಟಿಲ್ಡ್ ನೀರು. ಸೋಪಿನ ಅಂಶ ತೆಗೆಯಲು ಇದನ್ನು ಎರಡು ಸಲ ಮಾಡಿ. ಜನ ಬಿಟ್ಟುಬಿಡುವ ಹೆಜ್ಜೆ ಇದೇ. ಮೂರನೆಯ ಒಣ ಬಟ್ಟೆಯನ್ನು ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ನೆರಳಲ್ಲಿ, ಒಂದಕ್ಕೊಂದು ತಾಗದಂತೆ. ಫ್ಯಾನ್ ನೇರ ಹಾಕಬೇಡಿ, ಧೂಳು ಹೊಡೆಯುತ್ತದೆ. ಕನಿಷ್ಠ ಎರಡು ಗಂಟೆ ಬಿಡಿ. ನಾನು ಮಧ್ಯಾಹ್ನ ತೊಳೆದು ಸಂಜೆ ಒಳಗಿಡುತ್ತೇನೆ.

78ಕ್ಕೆ ಕ್ರಮ ಇದೇ, ದ್ರಾವಣ ಬೇರೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಲಿಕ್ವಿಡ್, ಅಷ್ಟೇ. ನೆನೆಸಿಡಬಾರದು. ಕೆಲವಕ್ಕೆ ಒಳಗೆ ಕಾಗದದ ಪದರ ಇರುತ್ತದೆ, ಬಿರುಕಿನಿಂದ ನೀರು ಇಳಿದರೆ ಉಬ್ಬುತ್ತದೆ. ಬೇಗ ಒರೆಸಿ, ಬೇಗ ಒಣಗಿಸಿ.

ಹಂತ 7: ಆಗಲೇ ಬೂಷ್ಟು ಹಿಡಿದಿದ್ದರೆ

ಬಿಳಿ ಅಥವಾ ಬೂದು ಚುಕ್ಕೆ, ಜೇಡನ ಬಲೆಯಂಥ ಎಳೆ, ಮುಗ್ಗಲು ವಾಸನೆ ಇದ್ದರೆ ಬೂಷ್ಟು. ಅಂಥ ರೆಕಾರ್ಡನ್ನು ಉಳಿದವುಗಳಿಂದ ಕೂಡಲೇ ದೂರ ಇಡಿ. ಪ್ಲೇಯರ್ ಮೇಲೆ ಹಾಕಿ ನೋಡುವ ಆಸೆ ಬಿಡಿ, ಮುಳ್ಳು ಅದನ್ನು ಗೆರೆಯ ತಳಕ್ಕೆ ತುಳಿಯುತ್ತದೆ.

ಮಾಸ್ಕ್ ಹಾಕಿಕೊಂಡು ಹೊರಗೆ ಜಗಲಿಗೆ ಹೋಗಿ. ಉಬ್ಬಸ ಇರುವವರು ಈ ಕೆಲಸ ಬೇರೆಯವರಿಗೆ ಕೊಡಿ. ಮೆತ್ತನೆ ಪೇಂಟಿಂಗ್ ಬ್ರಷ್‌ನಿಂದ ಒಣಗಿದ ಬೂಷ್ಟನ್ನು ಗೆರೆಯ ಗುಂಟ ತೆಗೆಯಿರಿ. ಆಮೇಲೆ ಹಂತ 6ರ ಹಾಗೆ ಎರಡು ಸಲ ತೊಳೆಯಿರಿ. ಆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯದೆ ಬೇರೆ ರೆಕಾರ್ಡಿಗೆ ಮುಟ್ಟಿಸಬೇಡಿ. ಒಳಗಿನ ಕಾಗದದ ಚೀಲ ಎಸೆಯಿರಿ. ಹೊರ ಕವರನ್ನು ಒಣ ಬ್ರಷ್‌ನಿಂದ ಗುಡಿಸಿ, ನೆರಳಿನ ಗಾಳಿಯಲ್ಲಿ ಎರಡು ದಿನ ತೆರೆದಿಡಿ.

ಮಳೆಗಾಲದ ನಡುವೆ ಬೂಷ್ಟು ಕಂಡರೆ ತೊಳೆಯಬೇಡಿ. ಒಣ ಬ್ರಷ್ ಮಾಡಿ, ಚೀಲ ಬದಲಿಸಿ, ಬೇರೆ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಜೊತೆ ಇಟ್ಟು ಡಿಸೆಂಬರಿಗೆ ಕಾಯಿರಿ. ಬಿಸಿಲಿಗೆ ಇಡುವ ಯೋಚನೆ ಎಂದೂ ಬೇಡ.

ಹಂತ 8: ಚೀಲ ಮತ್ತು ಜೋಡಣೆ

ತೊಳೆದ ರೆಕಾರ್ಡ್ ಹಳೆಯ ಚೀಲಕ್ಕೆ ವಾಪಸ್ ಹೋಗಬಾರದು. ಪಾಲಿಥಿನ್‌ನ ಆಂಟಿಸ್ಟಾಟಿಕ್, ಅಂದರೆ ಸ್ಥಿರ ವಿದ್ಯುತ್ ಏರದಂತೆ ತಡೆಯುವ ಒಳಚೀಲ ತರಿಸಿ. ಗಾಜಿನಂತೆ ಹೊಳೆಯುವ ದಪ್ಪ ಪಿವಿಸಿ ಕವರ್ ಬೇಡ, ವರ್ಷಗಳಾದ ಮೇಲೆ ರೆಕಾರ್ಡಿಗೆ ಅಂಟಿ ಮಂಜಿನಂಥ ಕಲೆ ಬಿಡುತ್ತದೆ. ಹೊರಗೆ ಪ್ಲಾಸ್ಟಿಕ್ ಕವರ್ ಹಾಕಿದರೆ ಒಂದು ಬಾಯಿ ತೆರೆದಿರಲಿ. ಟೇಪ್ ಹಾಕಿ ಮುಚ್ಚಿದರೆ ಒಳಗಿನ ತೇವ ಒಳಗೇ ಬೇಯುತ್ತದೆ.

ನೇರ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಇರಲಿ. ಕಪಾಟಿನ ಹಲಗೆ ಗಟ್ಟಿ ಇದೆಯಾ ನೋಡಿ, ನೂರು ಎಲ್‌ಪಿ ಅಂದರೆ ಸುಮಾರು 25 ಕಿಲೋ ಭಾರ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ. ಬೇವಿನ ಎಲೆಯೂ ಬೇಡ, ಹಸಿ ಎಲೆ ಅಂದರೆ ಅದೂ ತೇವವೇ.

ಕಿವಿಗೆ ಬರುವ ಎಚ್ಚರಿಕೆಗಳು

ಚಟಪಟ ಲೆಕ್ಕವಿಲ್ಲದೆ, ಅಲ್ಲಲ್ಲಿ ಬಂದರೆ ಧೂಳು. ಒಂದೇ ಟಕ್ ತಾಳ ಹಾಕಿದಂತೆ ಬಂದರೆ ಗೀರು. ಎಲ್‌ಪಿ ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ, 78 ಒಂದು ಸೆಕೆಂಡಿಗೂ ಕಡಿಮೆ. ಟಕ್ ಆ ಲೆಕ್ಕಕ್ಕೆ ಕೂಡಿದರೆ ತೊಳೆದು ಪ್ರಯೋಜನ ಇಲ್ಲ.

ಹಾಡು ಶುರುವಿನಲ್ಲಿ ಚೆನ್ನಾಗಿದ್ದು ಹೋಗ್ತಾ ಹೋಗ್ತಾ ಮಂಕಾದರೆ ಮುಳ್ಳಿಗೆ ಧೂಳಿನ ಉಂಡೆ ಕಟ್ಟಿದೆ. ನಿಲ್ಲಿಸಿ, ಹಂತ 4 ಮಾಡಿ. ತೊಳೆದ ಮೇಲೆ ಚಟಪಟ ಹೆಚ್ಚಾಯಿತು ಅಂತ ಕೆಲವರು ಹೆದರುತ್ತಾರೆ. ತಳದ ಕೊಳೆ ಸಡಿಲವಾಗಿ ಮೇಲೆ ಬಂದಿರುತ್ತದೆ. ಮುಳ್ಳು ಸ್ವಚ್ಛ ಮಾಡಿ ಇನ್ನೊಮ್ಮೆ ಡಿಸ್ಟಿಲ್ಡ್ ನೀರಿನಲ್ಲಿ ಒರೆಸಿದರೆ ಇಳಿಯುತ್ತದೆ.

ಹಂತ 9: ಜೂನ್‌ನಿಂದ ಸೆಪ್ಟೆಂಬರ್, ಕಾವಲು

ಆಗುಂಬೆ ಸುತ್ತಮುತ್ತ ಆರಿದ್ರಾ, ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ಗಾಳಿಯ ತೇವ 90 ದಾಟುವುದು ಮಾಮೂಲು. ಬೂಷ್ಟು ಬೆಳೆಯಲು ಸುಮಾರು 70 ಸಾಕು. ಕಪಾಟಿನ ಒಳಗೆ 60ರ ಆಸುಪಾಸು ಹಿಡಿದಿಡುವುದು ನಮ್ಮ ಗುರಿ.

ಬಾಗಿಲು ಬಿಗಿಯಾಗಿ ಮುಚ್ಚುವ ಕಪಾಟು ಬೇಕು. ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸಿ. ನೂರು ರೆಕಾರ್ಡಿನ ಕಪಾಟಿಗೆ ಅರ್ಧ ಕಿಲೋ ಸಿಲಿಕಾ ಜೆಲ್ ಅನ್ನು ಸಣ್ಣ ಬಟ್ಟೆ ಚೀಲಗಳಲ್ಲಿ ಹಾಕಿ ಮೂಲೆಗಳಲ್ಲಿಡಿ, ರೆಕಾರ್ಡಿಗೆ ತಾಗದಂತೆ. ಬಣ್ಣ ಬದಲಾಗುವ ಜೆಲ್ ಕೊಳ್ಳಿ. ಕಿತ್ತಳೆ ಬಣ್ಣದ್ದು ತೇವ ಕುಡಿದಾಗ ಹಸಿರಾಗುತ್ತದೆ. ಆಗ ಚೀಲದಿಂದ ಸುರಿದು, ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ಮರಳುವ ತನಕ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ವಾಪಸ್ ಇಡಿ. ಜುಲೈನಲ್ಲಿ ನನಗೆ ವಾರಕ್ಕೊಮ್ಮೆ ಈ ಕೆಲಸ ಇರುತ್ತದೆ. ಕಪಾಟಿನೊಳಗೆ ಬಲ್ಬ್ ಉರಿಸುವ ಹಳೆಯ ಉಪಾಯವನ್ನು ಹಲವರು ಹೇಳುತ್ತಾರೆ. ಕಾಗದದ ಕವರುಗಳ ಪಕ್ಕ ಬಿಸಿ ಬಲ್ಬ್ ಇಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಮಳೆ ಹೊಳವಾದ ಕೂಡಲೇ ಕಪಾಟು ತೆರೆಯುವುದು ಇನ್ನೊಂದು ದೊಡ್ಡ ತಪ್ಪು. ಬಿಸಿಲು ಕಂಡಿತು ಅಂದ ಮಾತ್ರಕ್ಕೆ ಗಾಳಿ ಒಣಗಿರುವುದಿಲ್ಲ. ನೆಲದಿಂದ ಆವಿ ಏಳುತ್ತಿರುತ್ತದೆ. ಎರಡು ಮೀಟರ್ ಬೇಕು ಅಂದದ್ದು ಇದಕ್ಕೇ. ಒಂದು ಕಪಾಟಿನ ಒಳಗೆ, ಒಂದು ಕೋಣೆಯಲ್ಲಿ. ಕೋಣೆಯ ಅಂಕಿ ಒಳಗಿನದಕ್ಕಿಂತ ಕಡಿಮೆ ಇದ್ದರೆ ಮಾತ್ರ ಬಾಗಿಲು ತೆರೆಯಿರಿ. ಇಲ್ಲದಿದ್ದರೆ ಮುಚ್ಚಿಯೇ ಇರಲಿ.

ಮಳೆಗಾಲದಲ್ಲಿ ರೆಕಾರ್ಡ್ ಕೇಳಬಾರದು ಅಂತಲ್ಲ. ಹೊರಗೆ ಮಳೆ ಸುರಿಯುವಾಗ ಕೇಳುವುದರ ಸುಖವೇ ಬೇರೆ. ಆವತ್ತು ಕೇಳುವ ಎರಡೋ ಮೂರೋ ಮಾತ್ರ ಹೊರಗೆ ತೆಗೆದು, ಕಪಾಟು ಮುಚ್ಚಿ. ಕೇಳಿ ಆದ ಮೇಲೆ ಪ್ಲೇಯರ್ ಮೇಲೆ ರಾತ್ರಿಯಿಡೀ ಬಿಡದೆ, ಒಣ ಬ್ರಷ್ ಆಡಿಸಿ ಕೂಡಲೇ ಒಳಗಿಡಿ. ವಾರಕ್ಕೊಮ್ಮೆ ಕಪಾಟಿನ ಬೇರೆ ಬೇರೆ ಮೂಲೆಯಿಂದ ಒಂದೊಂದು ರೆಕಾರ್ಡ್ ತೆಗೆದು ಮೂಗಿಗೆ ಹಿಡಿಯಿರಿ. ಚುಕ್ಕೆ ಕಣ್ಣಿಗೆ ಬೀಳುವ ಮುಂಚೆಯೇ ವಾಸನೆ ಬಂದಿರುತ್ತದೆ. ವಾಸನೆ ಬಂದ ಮೂಲೆಯ ಜೆಲ್ ಚೀಲವನ್ನು ಅವತ್ತೇ ಬದಲಿಸಿ.